ಪಿಕಪ್ ಎಳೆಯುತ್ತದೆ ಸರಿ, ಹೊರುತ್ತದೆಯೇ? ಆರ್‌ವಿಯಲ್ಲಿ ಸುವಾರ್ತಾ ಸೇವೆಗೆ ಹೊರಟ ಕುಟುಂಬಕ್ಕೆ ಉತ್ತರ

ಪ್ರಶ್ನೆ: ನಾವು ಉಡುಪಿ ಕಡೆಯವರು. ಹನ್ನೊಂದು ವರ್ಷಗಳಿಂದ ಟೆಕ್ಸಾಸ್‌ನ ಡಾಲಸ್ ಸಮೀಪ ಇದ್ದೇವೆ. ಗ್ರೀನ್ ಕಾರ್ಡ್ ಬಂದು ನಾಲ್ಕೂವರೆ ವರ್ಷವಾಯಿತು. ಯಜಮಾನರು ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡುತ್ತಾರೆ. ಕಳೆದ ವರ್ಷ ನಮ್ಮ ಚರ್ಚ್ ಸಭೆಯಲ್ಲಿ ಅವರಿಗೆ ಪಾಸ್ಟರ್ ಆಗಿ ಅಭಿಷೇಕವೂ ಆಯಿತು. ನಾನು ಮಕ್ಕಳ ಸೇವೆ ನೋಡಿಕೊಳ್ಳುತ್ತೇನೆ. ನಮಗೆ 9 ಮತ್ತು 6 ವರ್ಷದ ಇಬ್ಬರು ಮಕ್ಕಳು. ಮನೆ ಮಾರಿ, ಆರ್‌ವಿ (ಗಾಲಿಯ ಮೇಲಿನ ಮನೆ) ಕೊಂಡು, ಪಾಸ್ಟರ್ ಇಲ್ಲದ ಸಣ್ಣ ಊರುಗಳ ಸಭೆಗಳಿಗೆ ಹೋಗಿ ಆರಾಧನೆ, ಮಕ್ಕಳ ಕೂಟ ನಡೆಸಬೇಕೆಂದು ಎರಡು ವರ್ಷಗಳಿಂದ ಪ್ರಾರ್ಥಿಸುತ್ತಿದ್ದೇವೆ. 36 ಅಡಿಯ ಹಳೆಯ ಫಿಫ್ತ್ ವೀಲ್ ಟ್ರೇಲರ್ ಒಂದನ್ನು ನೋಡಿದ್ದೇವೆ. ನಮ್ಮಲ್ಲಿರುವ ಮುಕ್ಕಾಲು ಟನ್ ಪಿಕಪ್ ಅದನ್ನು ಸಲೀಸಾಗಿ ಎಳೆಯುತ್ತದೆ ಎಂದು ಮಾರಾಟಗಾರ ಹೇಳುತ್ತಾನೆ. ಸೇವೆ ಎಂದ ಮೇಲೆ ತೆರಿಗೆ ಇಲ್ಲ, ಚರ್ಚ್ ಅಂಗಳದಲ್ಲಿ ಪುಕ್ಕಟೆ ನಿಲ್ಲಬಹುದು, ಬಾಡಿಗೆ ಮನೆಗಿಂತ ಅಗ್ಗ ಎಂದು ಸ್ನೇಹಿತರು ಧೈರ್ಯ ತುಂಬುತ್ತಾರೆ. ಊರಿನಲ್ಲಿರುವ ಅತ್ತೆ ಮಾತ್ರ ಫೋನಿನಲ್ಲಿ ಅಳುತ್ತಾರೆ: "ಮಕ್ಕಳಿಗೆ ಶಾಲೆ ಇಲ್ಲ, ವಿಳಾಸ ಇಲ್ಲ, ಇದು ಯಾವ ಬಗೆಯ ಸೇವೆ?" ಮುಂದಿನ ತಿಂಗಳು ಮುಂಗಡ ಕೊಡಬೇಕಾಗಿದೆ. ನಿಮ್ಮ ಅಭಿಪ್ರಾಯವೇನು? (ಹೆಸರು ಬೇಡ)

ಉತ್ತರ:

ಮುಂಗಡ ಕೊಡಬೇಡಿ. ಕಾರಣ ಆಮೇಲೆ ಹೇಳುತ್ತೇನೆ; ಮುಂದಿನ ತಿಂಗಳು ಎಂದಿರುವುದರಿಂದ ಇಷ್ಟನ್ನು ಮೊದಲೇ ಹೇಳಿಬಿಟ್ಟೆ.

ನಾನು ಕ್ರೈಸ್ತನಲ್ಲ. ನಿಮಗೆ ಕರೆ ಬಂದಿದೆಯೋ ಇಲ್ಲವೋ ಎಂದು ಅಳೆಯುವ ಅಧಿಕಾರ ನನಗಿಲ್ಲ, ಅದು ನಿಮಗೂ ನಿಮ್ಮ ಕರ್ತನಿಗೂ ಬಿಟ್ಟದ್ದು. ಹಳೆಯ ಆರ್‌ವಿ ಕೊಳ್ಳುವವರ ಪರವಾಗಿ ಗಾಡಿಯನ್ನು ತಪಾಸಣೆ ಮಾಡಿ ವರದಿ ಕೊಡುವುದು ನನ್ನ ಕಸುಬು. ಅದಕ್ಕೂ ಮೊದಲು ನಾನೂ ನನ್ನ ಹೆಂಡತಿಯೂ ಆರು ವರ್ಷ ಟ್ರೇಲರ್‌ನಲ್ಲೇ ಸಂಸಾರ ಮಾಡಿದೆವು. ನನ್ನ ಬಳಿ ಬರುವ ಗಾಡಿಗಳಲ್ಲಿ ಸೇವೆಗೆ ಹೋದವರ ಗಾಡಿಗಳು ಕಡಿಮೆಯಿಲ್ಲ. ಮಾರುವವರನ್ನು ಒಂದು ಪ್ರಶ್ನೆ ತಪ್ಪದೆ ಕೇಳುತ್ತೇನೆ: ಏಕೆ ಮಾರುತ್ತಿದ್ದೀರಿ? ನಂಬಿಕೆ ಕುಗ್ಗಿತು ಎಂದವರು ಇದುವರೆಗೆ ಒಬ್ಬರೂ ಸಿಕ್ಕಿಲ್ಲ. ಛಾವಣಿ ಸೋರಿತು, ಪಿಕಪ್‌ನ ಗೇರ್‌ಬಾಕ್ಸ್ ಹೋಯಿತು, ಹೆಂಡತಿಗೆ ಸಾಕಾಯಿತು, ಮಗಳು ಗೆಳತಿಯರನ್ನು ಬಿಟ್ಟಿರಲಾರೆ ಎಂದಳು, ಆಸ್ಪತ್ರೆಯ ಬಿಲ್ ಬಂತು. ಎಲ್ಲವೂ ಇಂಥವೇ.

ನಿಮ್ಮ ಪತ್ರದಲ್ಲಿ ನನಗೆ ಎರಡು ಆತಂಕಗಳು ಹೆಣೆದುಕೊಂಡು ಕಾಣುತ್ತವೆ. ಒಂದು, ಈ ಗಾಡಿ ಸಾಕೇ ಎಂಬುದು. ಇನ್ನೊಂದು, ಅತ್ತೆಯವರ ಮಾತಿನಲ್ಲಿ ಏನಾದರೂ ನಿಜವಿದೆಯೇ ಎಂಬುದು. ಎರಡನೆಯದನ್ನು ನೀವು ನೇರವಾಗಿ ಕೇಳಿಲ್ಲ. ಆದರೂ ಪತ್ರದ ಕೊನೆಗೆ ಅದೇ ಬಂದು ನಿಂತಿದೆ.

ಗಾಡಿಯ ಲೆಕ್ಕ ಮೊದಲು. "ಎಳೆಯುತ್ತದೆ" ಎಂದು ಮಾರಾಟಗಾರ ಹೇಳಿದ್ದು ಸುಳ್ಳಲ್ಲ, ಅದೇ ತೊಂದರೆ. ಫಿಫ್ತ್ ವೀಲ್ ಟ್ರೇಲರ್‌ನ ಮೂಗು ಪಿಕಪ್‌ನ ಹಿಂದೆ ನೇತಾಡುವುದಿಲ್ಲ. ಪಿಕಪ್‌ನ ತೊಟ್ಟಿಯೊಳಗೆ, ಹಿಂದಿನ ಆಕ್ಸಲ್‌ನ ಮೇಲೆ ಕೂರುತ್ತದೆ. ಆದ್ದರಿಂದ ಎಷ್ಟು ಎಳೆಯುತ್ತದೆ ಎನ್ನುವುದಕ್ಕಿಂತ ಎಷ್ಟು ಹೊರುತ್ತದೆ ಎನ್ನುವುದು ಮುಖ್ಯ. ಈಗಲೇ ಹೋಗಿ ಪಿಕಪ್‌ನ ಚಾಲಕನ ಬಾಗಿಲು ತೆರೆಯಿರಿ. ಬಾಗಿಲ ಚೌಕಟ್ಟಿನಲ್ಲಿ ಹಳದಿ ಪಟ್ಟಿಯಿರುವ ಒಂದು ಸ್ಟಿಕ್ಕರ್ ಇರುತ್ತದೆ. ಜನ ಮತ್ತು ಸಾಮಾನಿನ ಒಟ್ಟು ತೂಕ ಇಂತಿಷ್ಟು ಪೌಂಡ್ ಮೀರಬಾರದು ಎಂದು ಅದರಲ್ಲಿ ಬರೆದಿರುತ್ತದೆ. ಮುಕ್ಕಾಲು ಟನ್ ಎಂಬುದು ಪಿಕಪ್‌ನ ವರ್ಗದ ಹೆಸರು, ಹೊರುವ ತೂಕವಲ್ಲ. ಡೀಸೆಲ್ ಎಂಜಿನ್‌ನ ಮುಕ್ಕಾಲು ಟನ್ ಪಿಕಪ್‌ಗಳಲ್ಲಿ ಆ ಸಂಖ್ಯೆ ಎಷ್ಟೋ ಸಲ 2,500 ಪೌಂಡ್‌ನ ಆಸುಪಾಸಿನಲ್ಲಿರುತ್ತದೆ. ನಿಮ್ಮದೂ ಅಷ್ಟೇ ಎಂದು ಹಿಡಿಯೋಣ.

36 ಅಡಿಯ ಫಿಫ್ತ್ ವೀಲ್‌ನ ಗರಿಷ್ಠ ತೂಕ, ಅಂದರೆ ಸಾಮಾನು ತುಂಬಿದಾಗಲೂ ಮೀರಬಾರದ ಒಟ್ಟು ತೂಕ, ಸುಮಾರು 14,000 ಪೌಂಡ್ ಇರಬಹುದು. ಅದರ ಐದನೆಯ ಒಂದು ಭಾಗ ಮೂಗಿನ ಮೂಲಕ ಪಿಕಪ್‌ನ ಮೇಲೆ ಇಳಿಯುತ್ತದೆ. ಅಂದರೆ 2,800 ಪೌಂಡ್. ಟ್ರೇಲರ್ ಹಿಡಿಯಲು ತೊಟ್ಟಿಯಲ್ಲಿ ಕೂರಿಸುವ ಕೊಂಡಿ, ಅಂದರೆ ಹಿಚ್, ಒಂದು 200. ನೀವು ನಾಲ್ವರು ಸೇರಿ 450. ಉಪಕರಣ, ಗಿಟಾರ್, ಮಕ್ಕಳ ಸೈಕಲ್ ಎಂದು ಇನ್ನೊಂದು 150. ಒಟ್ಟು 3,600. ಅನುಮತಿ 2,500. ಒಂದು ಸಾವಿರದ ನೂರು ಪೌಂಡ್, ಅಂದರೆ ಐದು ಕ್ವಿಂಟಾಲ್ ಅಕ್ಕಿಯಷ್ಟು ಹೆಚ್ಚು ಹೊರೆ. ಪಿಕಪ್ ಆಗಲೂ ಎಳೆಯುತ್ತದೆ. ಟೆಕ್ಸಾಸ್‌ನ ಚಪ್ಪಟೆ ನೆಲದಲ್ಲಿ ನಿಮಗೆ ಏನೂ ಗೊತ್ತಾಗುವುದಿಲ್ಲ. ಕೊಲರಾಡೋದ ಇಳಿಜಾರಿನಲ್ಲಿ ಬ್ರೇಕ್ ಕಾದಾಗ, ಹಿಂದಿನ ಟೈರ್ ಒಡೆದಾಗ ಗೊತ್ತಾಗುತ್ತದೆ.

ಮಾರಾಟಗಾರ ತೋರಿಸುವ ಕಾಗದದಲ್ಲಿ ಬೇರೊಂದು ಸಂಖ್ಯೆಯಿರುತ್ತದೆ, ಖಾಲಿ ತೂಕ. ಅದು ಕಾರ್ಖಾನೆಯಿಂದ ಹೊರಬಿದ್ದ ದಿನದ ತೂಕ. ಅದರಲ್ಲಿ ನೀರಿಲ್ಲ, ಪಾತ್ರೆಯಿಲ್ಲ, ಪುಸ್ತಕವಿಲ್ಲ. ನೀರು ಒಂದು ಗ್ಯಾಲನ್‌ಗೆ 8.34 ಪೌಂಡ್, 50 ಗ್ಯಾಲನ್ ತುಂಬಿಸಿದರೆ 417 ಪೌಂಡ್ ಏರಿತು. ಸೇವೆಗೆ ಹೋಗುವವರ ಗಾಡಿಗಳಲ್ಲಿ ನಾನು ಕಂಡ ಇನ್ನೊಂದು ಭಾರವೆಂದರೆ ಕಾಗದ. ಸತ್ಯವೇದದ ಪೆಟ್ಟಿಗೆಗಳು, ಹಾಡಿನ ಪುಸ್ತಕಗಳು, ಮಕ್ಕಳ ಕೂಟದ ಸಾಮಗ್ರಿ. ಜತೆಗೆ ಸ್ಪೀಕರ್, ಸ್ಟ್ಯಾಂಡ್, ಕೀಬೋರ್ಡ್. ಒಬ್ಬರು ಹಾಸಿಗೆಯ ಕೆಳಗೆ ಹನ್ನೆರಡು ಪೆಟ್ಟಿಗೆ ಪುಸ್ತಕ ಇಟ್ಟಿದ್ದರು. ಮಂಚ ಎತ್ತಿ ನೋಡಿದರೆ ಕೆಳಗಿನ ಹಲಗೆ ಬಾಗಿ ಬಿಲ್ಲಿನಂತಾಗಿತ್ತು.

ಊಹೆ ಬೇಡ. ಹೆದ್ದಾರಿಯ ಟ್ರಕ್ ನಿಲ್ದಾಣಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ತೂಕದ ಕಟ್ಟೆಗಳಿವೆ. ಕೆಲವೇ ಡಾಲರ್ ಕೊಟ್ಟರೆ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೇಲರ್ ಎಂದು ಬೇರೆ ಬೇರೆ ತೂಕದ ಚೀಟಿ ಸಿಗುತ್ತದೆ. ಮಾರುವವರು ಗಾಡಿಯನ್ನು ಅಲ್ಲಿಗೆ ತರಲು ಒಪ್ಪದಿದ್ದರೆ ಅದೇ ಒಂದು ಉತ್ತರ.

ಹಾಗಾದರೆ ಒಂದು ಟನ್ ಪಿಕಪ್ ಕೊಳ್ಳೋಣವೇ? ಕೊಳ್ಳಬಹುದು, ಹಿಂದೆ ನಾಲ್ಕು ಚಕ್ರಗಳ ಡ್ಯುಯಲಿ ಈ ಟ್ರೇಲರ್ ಅನ್ನು ನಿರಾಯಾಸವಾಗಿ ಹೊರುತ್ತದೆ. ಆದರೆ ಅದರ ಗರಿಷ್ಠ ತೂಕವೇ 14,000 ಪೌಂಡ್‌ನ ಹತ್ತಿರ ಇರುತ್ತದೆ. ಟ್ರೇಲರ್‌ನ 14,000 ಸೇರಿದರೆ 28,000. ಟೆಕ್ಸಾಸ್‌ನಲ್ಲಿ ಜೋಡಿಯ ತೂಕ 26,000 ಪೌಂಡ್ ಮೀರಿ, ಟ್ರೇಲರ್ 10,000 ದಾಟಿದ್ದರೆ ನಿಮ್ಮ ಮಾಮೂಲಿ ಲೈಸೆನ್ಸ್ ನಡೆಯುವುದಿಲ್ಲ. ವಾಣಿಜ್ಯೇತರ ಎ ವರ್ಗದ ಲೈಸೆನ್ಸ್ ಬೇಕು, ಅದಕ್ಕೆ ಪರೀಕ್ಷೆಯಿದೆ. ಇದನ್ನು ಮಾರಾಟಗಾರರು ಹೇಳಿದ್ದನ್ನು ನಾನು ಕೇಳಿಲ್ಲ.

ನನ್ನನ್ನು ಕೇಳಿದರೆ, ಈಗಿರುವ ಪಿಕಪ್‌ಗೆ ತಕ್ಕ ಟ್ರೇಲರ್ ಹುಡುಕಿ. 28 ಅಡಿಯ, ಗರಿಷ್ಠ ತೂಕ 8,000 ಪೌಂಡ್‌ನೊಳಗಿನ, ಹಿಂದೆ ಕೊಂಡಿ ಹಾಕಿ ಎಳೆಯುವ ಸಾಮಾನ್ಯ ಟ್ರೇಲರ್. ಅದರ ನಾಲಿಗೆಯ ತೂಕ, ಅಂದರೆ ಕೊಂಡಿಯ ಮೇಲೆ ಬೀಳುವ ಭಾರ, ಒಟ್ಟು ತೂಕದ ಶೇ. 10ರಿಂದ 15ರಷ್ಟಿರುತ್ತದೆ, ಅಂದರೆ ಸಾವಿರ ಪೌಂಡ್‌ನ ಸುತ್ತ. ಮಕ್ಕಳಿಗೆ ಎರಡು ಹಂತದ ಹಾಸಿಗೆ ಸಿಗುತ್ತದೆ. ಇಕ್ಕಟ್ಟಾಗುತ್ತದೆ, ಒಪ್ಪುತ್ತೇನೆ. ಯಜಮಾನರ ಆಫೀಸ್ ಎಂದರೆ ಊಟದ ಮೇಜೇ. ಅವರು ಮೀಟಿಂಗ್‌ನಲ್ಲಿರುವಾಗ ಕುಕ್ಕರ್ ಕೂಗಿಸುವಂತಿಲ್ಲ.

ಎಂಜಿನ್ ಇರುವ ಮೋಟರ್‌ಹೋಮ್ ಬೇಕೆಂದು ಮಕ್ಕಳು ಹಟ ಹಿಡಿಯಬಹುದು. ಚಿಕ್ಕ ಮಕ್ಕಳಿರುವವರಿಗೆ ನಾನು ಅದನ್ನು ಹೇಳುವುದಿಲ್ಲ. ಮೋಟರ್‌ಹೋಮ್‌ನ ಹಿಂಭಾಗದ ಊಟದ ಮೇಜಿನ ಸೀಟುಗಳು ಎಷ್ಟೋ ಗಾಡಿಗಳಲ್ಲಿ ಪ್ಲೈವುಡ್ ಪೆಟ್ಟಿಗೆಯ ಮೇಲಿನ ಮೆತ್ತೆ, ಅಷ್ಟೆ. ಪಕ್ಕಕ್ಕೆ ಮುಖ ಮಾಡಿದ ಸೀಟಿಗೆ ಮಕ್ಕಳ ಸೀಟ್ ಕಟ್ಟುವಂತೆಯೇ ಇಲ್ಲ. ಪಿಕಪ್‌ನ ಹಿಂದಿನ ಸೀಟಿನಲ್ಲಿ, ಸರಿಯಾದ ಬೆಲ್ಟ್ ಹಾಕಿಕೊಂಡು ಕೂತ ಮಗು ಹೆಚ್ಚು ಸುರಕ್ಷಿತ. ಓಡುವಾಗ ಟ್ರೇಲರ್‌ನೊಳಗೆ ಯಾರೂ ಇರಬಾರದು. ಮಗು ಮಲಗಿದೆ, ಎಬ್ಬಿಸುವುದು ಬೇಡ ಎಂಬ ಕಾರಣಕ್ಕೂ ಇರಬಾರದು.

ಈಗ ಸ್ನೇಹಿತರು ತುಂಬಿದ ಧೈರ್ಯದ ವಿಷಯಕ್ಕೆ ಬರೋಣ. ಚರ್ಚ್ ಅಂಗಳದಲ್ಲಿ ಪುಕ್ಕಟೆ ನಿಲ್ಲಬಹುದು ಎಂಬುದು ಅರ್ಧ ಸತ್ಯ. ಸಣ್ಣ ಊರಿನ ಸಭೆಗಳು ಪ್ರೀತಿಯಿಂದ ಜಾಗ ಕೊಡುತ್ತವೆ. ಆದರೆ ಅಂಗಳ ಎಂದರೆ ಜಾಗ ಮಾತ್ರ. ನಿಮ್ಮ ಟ್ರೇಲರ್‌ಗೆ ಬೇಕಾದದ್ದು 30 ಅಥವಾ 50 ಆಂಪ್‌ನ ವಿದ್ಯುತ್. ಚರ್ಚ್ ಗೋಡೆಯಲ್ಲಿರುವುದು 15 ಅಥವಾ 20 ಆಂಪ್‌ನ ಪ್ಲಗ್, ಅದೂ ಒಳಗಿನ ಕಾಫಿ ಯಂತ್ರದ ಜತೆ ಹಂಚಿಕೊಂಡದ್ದು. ಛಾವಣಿಯ ಒಂದು ಎಸಿಯೇ 13ರಿಂದ 15 ಆಂಪ್ ಎಳೆಯುತ್ತದೆ. ಒಕ್ಲಹೋಮಾದ ಒಂದು ಊರಿನಲ್ಲಿ ಜುಲೈ ತಿಂಗಳಿನಲ್ಲಿ ಹೀಗೆಯೇ ನಿಂತಿದ್ದ ಕುಟುಂಬವೊಂದು ನನ್ನನ್ನು ಕರೆಸಿತ್ತು. ಹುಲ್ಲು ಕತ್ತರಿಸುವ ಯಂತ್ರಕ್ಕೆ ಬಳಸುವ ತೆಳುವಾದ ಕಿತ್ತಳೆ ಬಣ್ಣದ ತಂತಿ, ನೂರು ಅಡಿ. ಪ್ಲಗ್ ಮುಟ್ಟಿದರೆ ಬಿಸಿ. ಎಳೆದರೆ ಬರಲಿಲ್ಲ, ಪ್ಲಾಸ್ಟಿಕ್ ಕರಗಿ ಸಾಕೆಟ್‌ಗೆ ಅಂಟಿಕೊಂಡಿತ್ತು. ಪಕ್ಕದಲ್ಲೇ ಒಣ ಮರದ ಗೋಡೆ. ಆ ರಾತ್ರಿ ಅವರು ಎಸಿ ಇಲ್ಲದೆ ಮಲಗಿದರು. ಬೆಳಿಗ್ಗೆ ಆರಾಧನೆಗೆ ಬಂದವರಿಗೆ ಕಟ್ಟಡ ಉಳಿದಿತ್ತು.

ಅಂಗಳದಲ್ಲಿ ಮಲಿನ ನೀರು ಬಿಡುವ ವ್ಯವಸ್ಥೆ ಇರುವುದಿಲ್ಲ. ನಾಲ್ವರಿಗೆ ಶೌಚದ ಟ್ಯಾಂಕ್ ಐದಾರು ದಿನ ಬರುತ್ತದೆ, ಆಮೇಲೆ ಗಾಡಿ ಕಟ್ಟಿಕೊಂಡು ಡಂಪ್ ಸ್ಟೇಷನ್ ಹುಡುಕಬೇಕು. ಕೆಲವು ಊರುಗಳಲ್ಲಿ ಪುರಸಭೆಯ ನಿಯಮವೇ ಅಂಗಳದಲ್ಲಿ ವಾಸ ಮಾಡಲು ಬಿಡುವುದಿಲ್ಲ. ಸಭೆಯ ವಿಮೆಯವರೂ ತಕರಾರು ತೆಗೆಯಬಹುದು. ನಾಲ್ಕೈದು ರಾತ್ರಿಗೆ ಅಂಗಳ, ಅದಕ್ಕಿಂತ ಹೆಚ್ಚಿಗೆ ಆರ್‌ವಿ ಪಾರ್ಕ್ ಎಂದು ಬಜೆಟ್ ಹಾಕಿಕೊಳ್ಳಿ.

ಅಗ್ಗವೇ? ಒಂದೇ ಪಾರ್ಕಿನಲ್ಲಿ ತಿಂಗಳ ಬಾಡಿಗೆಗೆ ನಿಂತರೆ ಅಗ್ಗವಾಗಬಹುದು. ವಾರಕ್ಕೊಂದು ಊರು ಎಂದರೆ ಆಗುವುದಿಲ್ಲ. ಟ್ರೇಲರ್ ಎಳೆಯುವ ಪಿಕಪ್ ಗ್ಯಾಲನ್‌ಗೆ ಹತ್ತು ಮೈಲಿ ಕೊಟ್ಟರೆ ಪುಣ್ಯ. 300 ಮೈಲಿಗೆ 30 ಗ್ಯಾಲನ್; ಗ್ಯಾಲನ್‌ಗೆ 4 ಡಾಲರ್ ಎಂದರೂ 120 ಡಾಲರ್ ಇಂಧನಕ್ಕೇ ಹೋಯಿತು. ಜತೆಗೆ ಟೈರ್. ಟ್ರೇಲರ್ ಟೈರ್‌ಗಳು ಸವೆದು ಹೋಗುವ ಮೊದಲೇ ಮುಪ್ಪಾಗುತ್ತವೆ. ಟೈರ್ ಪಕ್ಕದಲ್ಲಿ ಡಿಓಟಿ ಎಂದು ಆರಂಭವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ಮಾಡಿದ್ದು. ಮೇಲಿನ ಅಚ್ಚು ಸವೆಯದೆ ಹಾಗೆಯೇ ಇದ್ದರೂ ಐದಾರು ವರ್ಷ ದಾಟಿದ್ದನ್ನು ನಾನು ಬದಲಾಯಿಸಿ ಎಂದೇ ಬರೆಯುತ್ತೇನೆ.

ವಿಮೆಯ ಮಾತನ್ನು ಇಲ್ಲೇ ಮುಗಿಸುತ್ತೇನೆ. ಆರ್‌ವಿಗಳನ್ನು ರಜೆಗೆ, ತಾತ್ಕಾಲಿಕ ವಾಸಕ್ಕೆಂದೇ ಕಟ್ಟುತ್ತಾರೆ. ಖಾಯಂ ವಾಸ ಮಾಡಿದರೆ ಕೆಲವು ಕಂಪನಿಗಳ ವಾರಂಟಿ ರದ್ದಾಗುತ್ತದೆ. ಮಾಮೂಲಿ ಆರ್‌ವಿ ಪಾಲಿಸಿಯೂ ಸಾಲದು. ಪೂರ್ಣಾವಧಿ ವಾಸಿಗಳ ಪಾಲಿಸಿ ಎಂದು ಕೇಳಿ ಪಡೆಯಬೇಕು.

ತೆರಿಗೆ ಇಲ್ಲ ಎಂಬ ಮಾತು ಎಲ್ಲಕ್ಕಿಂತ ಅಪಾಯದ್ದು. ಅದರಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಕಲಸಿಹೋಗಿವೆ. ಉಪದೇಶ ಮಾಡಿದ್ದಕ್ಕೆ ಸಭೆ ತಟ್ಟೆಯಲ್ಲಿ ಎತ್ತಿ ಕೊಡುವ ಪ್ರೀತಿಯ ಕಾಣಿಕೆ ಉಡುಗೊರೆಯಲ್ಲ, ವರಮಾನ. ಅದರ ಮೇಲೆ ಆದಾಯ ತೆರಿಗೆಯೂ ಉಂಟು, ಸ್ವಉದ್ಯೋಗಿಗಳು ಕಟ್ಟುವ ಶೇ. 15.3ರ ತೆರಿಗೆಯೂ ಉಂಟು. ಇನ್ನು ಅಭಿಷೇಕವಾದ ಸೇವಕರಿಗೆ ತೆರಿಗೆ ಕಾಯ್ದೆಯ 107ನೇ ಕಲಮಿನಲ್ಲಿ ವಸತಿ ಭತ್ಯೆಯ ವಿನಾಯಿತಿ ಇರುವುದು ನಿಜ. ಅಡುಗೆ, ನಿದ್ರೆ, ಶೌಚಕ್ಕೆ ಅನುಕೂಲವಿರುವ ಆರ್‌ವಿಯೂ ಅಲ್ಲಿ ಮನೆಯೇ. ಆದರೆ ಸಭೆ ಅದನ್ನು ಮುಂಚಿತವಾಗಿ ನಿರ್ಣಯ ಮಾಡಿ ಬರೆದಿಟ್ಟಿರಬೇಕು, ಮತ್ತು ಅದು ಸಭೆ ಕೊಡುವ ಹಣಕ್ಕೆ ಮಾತ್ರ. ಸಭೆ ವರ್ಷಕ್ಕೆ 6,000 ಡಾಲರ್ ಕೊಟ್ಟರೆ ವಿನಾಯಿತಿ ಅಷ್ಟರೊಳಗೇ. ಸಾಫ್ಟ್‌ವೇರ್ ಸಂಬಳಕ್ಕೆ ಅದನ್ನು ಹಚ್ಚುವಂತಿಲ್ಲ. ಭತ್ಯೆಗೆ ಆದಾಯ ತೆರಿಗೆ ಇಲ್ಲದಿದ್ದರೂ ಆ ಶೇ. 15.3 ತಪ್ಪುವುದಿಲ್ಲ.

ಮೂರನೆಯದು ಪ್ರಯಾಣದ ಖರ್ಚು. ಮನೆ ಮಾರಿ, ಎಲ್ಲೂ ನೆಲೆ ಇಲ್ಲದೆ ಊರೂರು ಅಲೆಯುವವರನ್ನು ತೆರಿಗೆ ಇಲಾಖೆ ಅಲೆಮಾರಿ ಉದ್ಯೋಗಿ ಎಂದು ಎಣಿಸುತ್ತದೆ. ಕೆಲಸ ಮಾಡಿದ ಊರೇ ಅವರ ಮನೆ. ಮನೆಯಲ್ಲೇ ಇರುವವರಿಗೆ ಪ್ರಯಾಣದ ಖರ್ಚು ಎಲ್ಲಿಂದ ಬರಬೇಕು? ಆದ್ದರಿಂದ ಡೀಸೆಲ್, ಪಾರ್ಕ್ ಬಾಡಿಗೆ ಯಾವುದನ್ನೂ ಪ್ರಯಾಣದ ಖರ್ಚೆಂದು ವರಮಾನದಿಂದ ಕಳೆಯಲಾಗುವುದಿಲ್ಲ. ನಿಮ್ಮನ್ನು ಬೆಂಬಲಿಸುವವರು ನೇರ ನಿಮ್ಮ ಖಾತೆಗೆ ಹಾಕಿದ ಹಣಕ್ಕೆ ಅವರಿಗೂ ತೆರಿಗೆ ರಿಯಾಯಿತಿ ಸಿಗದು. ಹಣ ಸಭೆಗೆ ಸೇರಿ, ಸಭೆಯ ಹಿಡಿತದಲ್ಲಿದ್ದು, ಅಲ್ಲಿಂದ ನಿಮಗೆ ಬರಬೇಕು. ಯಾರಾದರೂ 4361ನೇ ನಮೂನೆ ತುಂಬಿ ಸೋಷಿಯಲ್ ಸೆಕ್ಯುರಿಟಿ ಎಂಬ ಸರ್ಕಾರಿ ಪಿಂಚಣಿ ವಿಮೆಯಿಂದ ಹೊರಬನ್ನಿ, ಹಣ ಉಳಿಯುತ್ತದೆ ಎಂದರೆ ಕೇಳಬೇಡಿ. ಸಾರ್ವಜನಿಕ ವಿಮೆಯನ್ನು ಧರ್ಮದ ಕಾರಣಕ್ಕೆ ಒಪ್ಪದವರಿಗಾಗಿ ಇರುವ ದಾರಿ ಅದು, ಉಳಿತಾಯಕ್ಕಲ್ಲ. ಒಮ್ಮೆ ಹೊರಬಂದರೆ ಹಿಂದಿರುಗುವ ಬಾಗಿಲಿಲ್ಲ. ಪಾಸ್ಟರ್‌ಗಳ ಲೆಕ್ಕ ನೋಡಿ ಪಳಗಿದ ಲೆಕ್ಕಪರಿಶೋಧಕರೊಬ್ಬರ ಬಳಿ ಒಂದು ತಾಸು ಕೂರಿ.

ಅತ್ತೆಯವರ ಮಾತಿಗೆ ಬರುತ್ತೇನೆ. ಶಾಲೆಯ ವಿಷಯದಲ್ಲಿ ಅವರು ಹೆದರಬೇಕಾದ್ದಿಲ್ಲ. ಟೆಕ್ಸಾಸ್‌ನಲ್ಲಿ ಮನೆಶಾಲೆ ಖಾಸಗಿ ಶಾಲೆಗೆ ಸಮ ಎಂದು ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ 1994ರಲ್ಲೇ ಎತ್ತಿಹಿಡಿದಿದೆ. ಓದು, ಕಾಗುಣಿತ, ವ್ಯಾಕರಣ, ಗಣಿತ, ಉತ್ತಮ ನಾಗರಿಕತೆ ಎಂಬ ಐದು ವಿಷಯಗಳನ್ನು ಪಠ್ಯವಿಟ್ಟುಕೊಂಡು ಕಲಿಸಿದರಾಯಿತು. ನ್ಯೂಯಾರ್ಕ್, ಪೆನ್ಸಿಲ್ವೇನಿಯಾದಂಥ ಕಡೆ ನಿಯಮ ಬಿಗಿ. ಅಲ್ಲಿ ತಿಂಗಳುಗಟ್ಟಲೆ ನಿಲ್ಲುವುದಾದರೆ ವಿಚಾರಿಸಿಕೊಳ್ಳಿ. ಕಾನೂನು ಸಡಿಲವೆಂದರೆ ಕಲಿಸುವುದು ಸುಲಭವೆಂದಲ್ಲ. ಆರು ವರ್ಷದ ಮಗುವಿಗೆ ಓದಲು ಕಲಿಸುವ ವರ್ಷವಿದು, ಅದನ್ನು ಹೆದ್ದಾರಿಯ ಮೇಲೆ ಕಳೆಯಬೇಡಿ.

ಆದರೆ ವಿಳಾಸ ಇಲ್ಲ ಎಂದರಲ್ಲ, ಅದು ಪತ್ರದಲ್ಲೇ ಅತಿ ತೂಕದ ಮಾತು. ಊರಿನಲ್ಲಿ ಕೂತವರಿಗೆ ಹೊಳೆದದ್ದು ನಿಮ್ಮ ಸ್ನೇಹಿತರಿಗೆ ಹೊಳೆಯಲಿಲ್ಲ. ಹುಟ್ಟಾ ಅಮೆರಿಕನ್ನರಿಗೆ ಇದು ಸಣ್ಣ ವಿಷಯ. ಅವರು ಟೆಕ್ಸಾಸ್‌ನ ಲಿವಿಂಗ್‌ಸ್ಟನ್ ಊರಿನಲ್ಲೋ ಸೌತ್ ಡಕೋಟಾದಲ್ಲೋ ಅಂಚೆ ಮುಂದೆ ಕಳಿಸುವ ಸೇವೆಯೊಂದರ ವಿಳಾಸ ಮಾಡಿಕೊಂಡು ನಿಶ್ಚಿಂತರಾಗಿ ಹೊರಟುಬಿಡುತ್ತಾರೆ. ನೀವು ಗ್ರೀನ್ ಕಾರ್ಡ್‌ನವರು. ಮನೆ ಬದಲಿಸಿದ 10 ದಿನಗಳೊಳಗೆ ಎಆರ್-11 ನಮೂನೆಯಲ್ಲಿ ವಲಸೆ ಇಲಾಖೆಗೆ ತಿಳಿಸಬೇಕು. ಪೌರತ್ವಕ್ಕೆ ಅರ್ಜಿ ಹಾಕುವಾಗ, ಹಾಕುವ ರಾಜ್ಯದಲ್ಲಿ ಹಿಂದಿನ ಮೂರು ತಿಂಗಳು ವಾಸವಿದ್ದಿರಬೇಕು. ವಾಸ ಎಂದರೆ ಕಾನೂನಿಗೆ ಅಂಚೆಪೆಟ್ಟಿಗೆಯಲ್ಲ, ನಿಜವಾಗಿ ತಲೆಯಿಟ್ಟು ಮಲಗುವ ಜಾಗ. ಮೂರು ವಾರಕ್ಕೊಂದು ಊರಿನಲ್ಲಿ ಮಲಗಿದವರು ಅಧಿಕಾರಿಯ ಮುಂದೆ ಏನು ತೋರಿಸುವುದು?

ಮುಂಗಡ ಬೇಡ ಎಂದದ್ದಕ್ಕೆ ತೂಕ ಒಂದು ಕಾರಣವಾದರೆ ಇದು ಇನ್ನೊಂದು. ಗ್ರೀನ್ ಕಾರ್ಡ್ ಬಂದು ನಾಲ್ಕೂವರೆ ವರ್ಷವಾಯಿತು ಎಂದಿದ್ದೀರಿ. ಪೌರತ್ವಕ್ಕೆ ಬೇಕಾದ ಐದು ವರ್ಷ ತುಂಬುವುದಕ್ಕೆ 90 ದಿನ ಮೊದಲೇ ಅದರ ಅರ್ಜಿ, ಎನ್-400, ಹಾಕಬಹುದು. ಅಂದರೆ ಇನ್ನು ಮೂರೇ ತಿಂಗಳು. ಈಗಿರುವ ಮನೆಯ ವಿಳಾಸದಿಂದಲೇ ಅರ್ಜಿ ಹಾಕಿ, ಬೆರಳಚ್ಚು, ಸಂದರ್ಶನ, ಪ್ರಮಾಣವಚನ ಮುಗಿಸಿ. ಎರಡು ವರ್ಷ ಪ್ರಾರ್ಥಿಸಿ ಕಾದವರಿಗೆ ಇನ್ನೊಂದು ವರ್ಷ ಭಾರವಾಗಲಾರದು. ಈ ನಡುವೆ ಡ್ರೈವಿಂಗ್ ಲೈಸೆನ್ಸ್ ನವೀಕರಣಕ್ಕೆ ಹೋದರೆ, ಮತದಾರರ ಪಟ್ಟಿಗೆ ಸೇರಿಸಬೇಕೇ ಎಂಬ ಪ್ರಶ್ನೆ ಅರ್ಜಿಯಲ್ಲಿ ಇರುತ್ತದೆ. ಪೌರರಾಗುವ ಮೊದಲು ಅದಕ್ಕೆ ಹೌದು ಎಂದು ಗುರುತು ಹಾಕಿದರೆ ಪೌರತ್ವಕ್ಕೇ ಕುತ್ತು. ಈ ಒಂದು ಗುರುತಿಗಾಗಿ ವಕೀಲರ ಬಾಗಿಲು ತಟ್ಟಿದವರು ಇದ್ದಾರೆ.

(ಎಚ್-1ಬಿ ಎಂಬ ತಾತ್ಕಾಲಿಕ ಉದ್ಯೋಗ ವೀಸಾದಲ್ಲಿರುವವರು ಈ ಉತ್ತರ ಓದಿ ಉತ್ಸಾಹ ತಂದುಕೊಳ್ಳಬೇಡಿ. ನಿಮ್ಮ ವೀಸಾ ಕಂಪನಿಗೂ ಕೆಲಸದ ಜಾಗಕ್ಕೂ ಕಟ್ಟಿಬಿದ್ದಿದೆ. ಹಣ ಪಡೆದು ಮಾಡುವ ಸಭೆಯ ಕೆಲಸಕ್ಕೆ ಆರ್-1 ಎಂಬ ಬೇರೆಯೇ ವೀಸಾ ಉಂಟು.)

ಯಜಮಾನರ ಉದ್ಯೋಗದ ಬಗ್ಗೆಯೂ ಎರಡು ಮಾತು. ಮನೆಯಿಂದ ಕೆಲಸ ಎಂದರೆ ಯಾವ ರಾಜ್ಯದಿಂದಲಾದರೂ ಕೆಲಸ ಎಂದಲ್ಲ. ಟೆಕ್ಸಾಸ್‌ನಲ್ಲಿ ರಾಜ್ಯ ಆದಾಯ ತೆರಿಗೆ ಇಲ್ಲ. ಬೇರೆ ರಾಜ್ಯದಲ್ಲಿ ಕೂತು ದುಡಿದ ದಿನಗಳ ಸಂಬಳಕ್ಕೆ ಆ ರಾಜ್ಯ ತೆರಿಗೆ ಕೇಳಬಹುದು. ಕಂಪನಿಯ ಲಿಖಿತ ಒಪ್ಪಿಗೆ ಪಡೆಯಿರಿ. ಉದ್ಯೋಗ ಬಿಡಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅದರ ಜತೆಗೇ ಆರೋಗ್ಯ ವಿಮೆಯಿದೆ. ಸ್ವಂತವಾಗಿ ಟೆಕ್ಸಾಸ್‌ನಲ್ಲಿ ಕೊಳ್ಳುವ ಪಾಲಿಸಿಗಳು ಬಹುತೇಕ ಸ್ಥಳೀಯ ಜಾಲಕ್ಕೆ ಸೀಮಿತ. ಬೇರೆ ರಾಜ್ಯದಲ್ಲಿ ತುರ್ತು ಚಿಕಿತ್ಸೆ ಬಿಟ್ಟು ಬೇರೇನೂ ಸಿಗುವುದಿಲ್ಲ. ಸಭೆಗಳಲ್ಲಿ ಪ್ರಚಾರವಾಗುವ, ವಿಶ್ವಾಸಿಗಳು ಒಬ್ಬರ ವೈದ್ಯಕೀಯ ವೆಚ್ಚವನ್ನು ಇನ್ನೊಬ್ಬರು ಹಂಚಿಕೊಳ್ಳುವ ಯೋಜನೆಗಳು ವಿಮೆಯಲ್ಲ. ತಿಂಗಳ ಕಂತು ಕಡಿಮೆ, ನಿಜ. ಆದರೆ ಬಿಲ್ ಕಟ್ಟಲೇಬೇಕೆಂಬ ಕಾನೂನಿನ ಬಂಧನ ಅವುಗಳಿಗಿಲ್ಲ, ಮೊದಲೇ ಇದ್ದ ಕಾಯಿಲೆಗೆ ಮಿತಿಗಳಿವೆ. ಚೆನ್ನಾಗಿ ನಡೆದವರನ್ನೂ ಕಂಡಿದ್ದೇನೆ, ಅಂಥದ್ದೊಂದನ್ನು ನಂಬಿ ಗಾಡಿ ಮಾರಿದವರನ್ನೂ ಕಂಡಿದ್ದೇನೆ.

ಇಷ್ಟು ಹೇಳಿದೆನೆಂದು ನಾನು ನಿಮ್ಮನ್ನು ತಡೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ಗಾಲಿಯ ಮೇಲಿನ ಸೇವೆ ಅಮೆರಿಕದಲ್ಲಿ ಹೊಸದಲ್ಲ. ಮೆಥಡಿಸ್ಟ್ ಪಂಥದ ಬಿಷಪ್ ಫ್ರಾನ್ಸಿಸ್ ಆಸ್ಬರಿ 1771ರಲ್ಲಿ ಬಂದಿಳಿದವರು 1816ರಲ್ಲಿ ತೀರಿಕೊಳ್ಳುವವರೆಗೆ ಹೆಚ್ಚು ಕಾಲವನ್ನು ಕುದುರೆಯ ಬೆನ್ನ ಮೇಲೆಯೇ ಕಳೆದರು. ನನಗೆ ಇನ್ನೂ ಇಷ್ಟವಾಗುವುದು ಬ್ಯಾಪ್ಟಿಸ್ಟ್ ಪಂಥದವರ ರೈಲು ದೇವಾಲಯಗಳ ಕಥೆ. 1891ರಲ್ಲಿ ಸಿನ್ಸಿನಾಟಿಯಲ್ಲಿ 'ಇವಾಂಜಲ್' ಎಂಬ ರೈಲು ಡಬ್ಬಿಯನ್ನು ಸೇವೆಗೆ ಸಮರ್ಪಿಸಿದರು; ಮುಂದೆ ಅಂಥ ಏಳು ಡಬ್ಬಿಗಳಾದವು. ಒಳಗೆ ಸಾಲಾಗಿ ಬೆಂಚು, ಒಂದು ತುದಿಯಲ್ಲಿ ಸೇವಕ ದಂಪತಿಗಳಿಗೆ ಪುಟ್ಟ ಬಿಡಾರ. ಪಾಸ್ಟರ್ ಇಲ್ಲದ ರೈಲ್ವೆ ಊರುಗಳಿಗೆ ಆ ಡಬ್ಬಿ ಹೋಗುತ್ತಿತ್ತು. ನೀವು ಮಾಡಹೊರಟಿರುವುದೂ ಅದನ್ನೇ. ಆದರೆ ಒಂದು ವ್ಯತ್ಯಾಸ ಗಮನಿಸಿ. ಆ ಡಬ್ಬಿ ಭಾನುವಾರ ಬಂದು ಸೋಮವಾರ ಹೊರಡುತ್ತಿರಲಿಲ್ಲ. ಪಕ್ಕದ ಹಳಿಯ ಮೇಲೆ ವಾರಗಟ್ಟಲೆ ನಿಂತು, ಊರಿನವರ ಒಂದು ಸಭೆ ಕೂಡಿಬರುವವರೆಗೆ ಕಾಯುತ್ತಿತ್ತು.

ಸೇವೆಗೆ ಹೊರಟ ಕುಟುಂಬಗಳು ದಣಿಯುವುದು ಇಲ್ಲೇ. ಯಜಮಾನರಿಗೆ ಸೋಮವಾರದಿಂದ ಶುಕ್ರವಾರ ಆಫೀಸ್. ಶನಿವಾರ ಗಾಡಿ ಕಟ್ಟಿ 300 ಮೈಲಿ ಓಡಿಸಿ, ಕತ್ತಲಾದ ಮೇಲೆ ತಲುಪಿ, ಗಾಡಿ ಸಮತಟ್ಟು ಮಾಡಿ, ಭಾನುವಾರ ಬೆಳಿಗ್ಗೆ ನಗುಮುಖದಿಂದ ಹಾಡಬೇಕು. ಮಧ್ಯಾಹ್ನ ಸಭೆಯವರ ಮನೆಯಲ್ಲಿ ಊಟ, ಸಂಜೆ ಮಕ್ಕಳ ಕೂಟ. ಸೋಮವಾರ ಎಂಟಕ್ಕೆ ಮೀಟಿಂಗ್. ಬಟ್ಟೆ ಒಗೆಯುವುದು ಯಾವಾಗ? ಇದನ್ನು ಹೀಗೆ ನಡೆಸಿದವರಲ್ಲಿ ಹೆಚ್ಚಿನವರು ನಾಲ್ಕನೆಯ ತಿಂಗಳಿಗೆ ಸೋತರು. ಆರ್‌ವಿ ಜನ ದಿನಕ್ಕೆ 300 ಮೈಲಿ, ಮಧ್ಯಾಹ್ನ ಮೂರರೊಳಗೆ ತಲುಪು, ಮೂರು ರಾತ್ರಿ ನಿಲ್ಲು ಎಂದು ಹೇಳಿಕೊಳ್ಳುತ್ತಾರೆ. ನಾನು ನಿಮಗೆ 150 ಮೈಲಿ, ಮೂರು ವಾರ ಎನ್ನುತ್ತೇನೆ. ಯುನೈಟೆಡ್ ಮೆಥಡಿಸ್ಟ್ ಸಭೆಯ ನೋಮ್ಯಾಡ್ಸ್ ಎಂಬ ತಂಡ ಆರ್‌ವಿಗಳಲ್ಲಿ ಹೋಗಿ ಸಭೆಗಳು, ಮಕ್ಕಳ ಆಶ್ರಮಗಳು, ಶಿಬಿರಗಳ ದುರಸ್ತಿ ಮಾಡುತ್ತದೆ. ಅವರೂ ಒಂದೊಂದು ಕಡೆ ಸಾಮಾನ್ಯವಾಗಿ ಮೂರು ವಾರ ನಿಲ್ಲುತ್ತಾರೆ. ಹೆಚ್ಚಿನವರು ನಿವೃತ್ತರು, ಮೈ ಎಷ್ಟು ತಾಳುತ್ತದೆ ಎಂದು ಬಲ್ಲವರು.

ಹಾಗಾದರೆ ದಾರಿಗಳೇನು? ಮನೆ ಮಾರಿ ಒಂದೇ ಸಲಕ್ಕೆ ಹೊರಡುವುದು ಒಂದು. ಸಾಲ ಇರುವುದಿಲ್ಲ, ಮನಸ್ಸು ಹಗುರವಾಗುತ್ತದೆ. ಆದರೆ ಹಿಂದಿರುಗಿದಾಗ ಅದೇ ಬೆಲೆಗೆ ಮನೆ ಸಿಗದು, ಆರ್‌ವಿಯಂತೂ ಕೊಂಡ ದಿನದಿಂದ ಬೆಲೆ ಕಳೆದುಕೊಳ್ಳುತ್ತದೆ. ಮನೆ ಬಾಡಿಗೆಗೆ ಕೊಟ್ಟು ಒಂದು ವರ್ಷ ಹೋಗಿಬರುವುದು ಇನ್ನೊಂದು. ಬಾಡಿಗೆಯವರ ತಲೆನೋವು ಜತೆಗೆ ಬಂದರೂ ಮರಳಲು ಬಾಗಿಲೊಂದಿರುತ್ತದೆ.

ನನಗೆ ಒಪ್ಪಿಗೆಯಾಗುವುದು ಮೂರನೆಯದು: ಮೊದಲ ಬೇಸಿಗೆ ಟ್ರೇಲರ್ ಬಾಡಿಗೆಗೆ ತೆಗೆದುಕೊಂಡು, ಟೆಕ್ಸಾಸ್‌ನೊಳಗೇ ಮೂರು ಸಭೆಗಳನ್ನು ಆರಿಸಿ, ಒಂದೊಂದರಲ್ಲಿ ಮೂರು ವಾರ ರಜಾಕಾಲದ ಸತ್ಯವೇದ ಶಾಲೆ ನಡೆಸುವುದು. ಸಣ್ಣ ಸಭೆಗಳಿಗೆ ಆ ಕೆಲಸಕ್ಕೆ ಜನ ಸಿಗದೆ ಪರದಾಟ. ಅದು ನಿಮ್ಮ ಕೈಹಿಡಿದ ಕೆಲಸವೂ ಹೌದು. ರಾಜ್ಯ ದಾಟದ ಕಾರಣ ತೆರಿಗೆ, ವಿಮೆ, ಪೌರತ್ವ ಯಾವುದಕ್ಕೂ ಧಕ್ಕೆಯಿಲ್ಲ. ಸಂದರ್ಶನದ ಪತ್ರ ಬಂದರೆ ಮನೆಗೆ ಅರ್ಧ ದಿನದ ದಾರಿ. ಚಳಿಗಾಲದಲ್ಲಿ ಮತ್ತೊಂದು ಅವಕಾಶವಿದೆ. ಟೆಕ್ಸಾಸ್‌ನ ದಕ್ಷಿಣ ತುದಿಯ ರಿಯೋ ಗ್ರಾಂಡೆ ಕಣಿವೆಗೆ ಉತ್ತರದ ಹಿಮ ತಪ್ಪಿಸಿಕೊಂಡು ಸಾವಿರಾರು ವೃದ್ಧರು ಆರ್‌ವಿಗಳಲ್ಲಿ ಬರುತ್ತಾರೆ. ಅವರನ್ನು ವಿಂಟರ್ ಟೆಕ್ಸನ್ನರು ಎನ್ನುತ್ತಾರೆ. ಅಲ್ಲಿನ ಎಷ್ಟೋ ಪಾರ್ಕುಗಳ ಸಭಾಂಗಣದಲ್ಲಿ ಭಾನುವಾರದ ಆರಾಧನೆ ನಡೆಯುತ್ತದೆ, ಆ ಋತುವಿಗೆ ಪಾಸ್ಟರ್‌ಗಳನ್ನು ಹುಡುಕುತ್ತಾರೆ. ಒಂದೇ ಕಡೆ ಮೂರು ತಿಂಗಳು. ಮಕ್ಕಳಿಗೆ ಅಜ್ಜ ಅಜ್ಜಿಯರಿಗೇನೂ ಕೊರತೆಯಾಗದು.

ಉದ್ಯಾನಗಳಲ್ಲಿ ಕೂಟ ನಡೆಸುವ ಆಸೆಯಿದ್ದರೆ: ರಾಷ್ಟ್ರೀಯ ಉದ್ಯಾನಗಳಲ್ಲಿ 25 ಅಥವಾ ಅದಕ್ಕಿಂತ ಕಡಿಮೆ ಜನರ ಆರಾಧನೆಗೆ ಗೊತ್ತುಪಡಿಸಿದ ಜಾಗದಲ್ಲಿ ಪರವಾನಗಿ ಬೇಕಿಲ್ಲ, ಹೆಚ್ಚಾದರೆ ಬೇಕು. ಖಾಸಗಿ ಪಾರ್ಕಿನಲ್ಲಿ ಮಾಲೀಕರ ಮಾತೇ ಕಾನೂನು. ಅಕ್ಕಪಕ್ಕದ ಗಾಡಿಗಳ ಬಾಗಿಲು ತಟ್ಟಿ ಕರಪತ್ರ ಹಂಚಿದರೆ ಮರುದಿನವೇ ಜಾಗ ಖಾಲಿ ಮಾಡಿಸುತ್ತಾರೆ. ಪಕ್ಕದವರ ಸೋರುವ ನಲ್ಲಿ ಸರಿಮಾಡಿಕೊಟ್ಟವರ ಬಾಗಿಲನ್ನು ಜನ ತಾವೇ ಬಂದು ತಟ್ಟುವುದನ್ನು ನಾನು ನೋಡಿದ್ದೇನೆ.

ಆ 36 ಅಡಿಯ ಗಾಡಿಯನ್ನು ಇನ್ನೊಮ್ಮೆ ನೋಡಲೇಬೇಕೆಂದು ಮನಸ್ಸು ಎಳೆದರೆ, ಜೋರು ಮಳೆ ಬಂದ ಮರುದಿನ ಹೋಗಿ. ಸೋಫಾ, ಟಿವಿ, ಒಲೆ ನೋಡಬೇಡಿ. ಮಲಗುವ ಕೋಣೆಯ ಮುಂದಿನ ಮೂಲೆಯ ಕಪಾಟನ್ನು ತೆರೆದು, ತಲೆ ಒಳಗಿಟ್ಟು ಮೂಸಿ. ಹಳೆಯ ಗೋಣಿಚೀಲದ ವಾಸನೆ ಬಂದರೆ ನೀರು ಒಳಗೆ ಸೇರಿದೆ. ಕಿಟಕಿಯ ಕೆಳಗಿನ ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿ. ಮೆತ್ತಗೆ ಒಳಗೆ ಹೋದರೆ ಕೊಳೆತಿದೆ. ಹೊರಗೆ ನಿಂತು ಗೋಡೆಗೆ ಕೆನ್ನೆ ತಾಗಿಸಿ ಉದ್ದಕ್ಕೆ ನೋಡಿ, ಉಬ್ಬು ಕಂಡರೆ ಪದರ ಬಿಟ್ಟಿದೆ. ಶೌಚಾಲಯದ ಬುಡದಲ್ಲಿ ನಿಂತು ಹಿಮ್ಮಡಿ ಎತ್ತಿ ಎತ್ತಿ ಇಡಿ, ನೆಲ ಕುಣಿಯಬಾರದು. ಏಣಿ ಇದ್ದರೆ ಛಾವಣಿ ಹತ್ತಿ, ಎಸಿಯ ಸುತ್ತಲಿನ ಸೀಲೆಂಟ್ ಬಿರುಕು ಬಿಟ್ಟಿದೆಯೇ ನೋಡಿ. ಇಷ್ಟಾದ ಮೇಲೆ ಹಳದಿ ಪಟ್ಟಿಯ ಆ ಸ್ಟಿಕ್ಕರ್‌ನ ಫೋಟೋವನ್ನೂ ತೂಕದ ಚೀಟಿಯನ್ನೂ ನನಗೆ ಕಳಿಸಿ, ಲೆಕ್ಕ ಹಾಕಿ ಹೇಳುತ್ತೇನೆ.